ಫಲಿತಾಂಶದ ದಿನ ಕೆರೆ ಕಾಯುವ ಆಂಜಿನಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಯರ್ರಗುಂಟಪಲ್ಲಿಯ ಕೆರೆ ಏರಿಯ ಮೇಲೆ ಆಂಜಿನಮ್ಮ ಗುದ್ದಲಿ ಹಿಡಿದು ನಡೆಯುತ್ತಿದ್ದಾರೆ. ಹೆಗ್ಗಣ ತೋಡಿದ ಬಿಲ ಕಂಡರೆ ನಿಂತು, ಮಣ್ಣು ತುಂಬಿ, ಹಿಮ್ಮಡಿಯಲ್ಲಿ ತುಳಿಯುತ್ತಾರೆ. ಕಲ್ಲಿನ ಸಂದಿಯಲ್ಲಿ ಜಾಲಿ ಸಸಿ ತಲೆಯೆತ್ತಿದ್ದರೆ ಬೇರುಸಮೇತ ಕಿತ್ತು ಆಚೆಗೆ ಎಸೆಯುತ್ತಾರೆ. ಬಿಟ್ಟರೆ ಬೇರು ಇಳಿದು ಏರಿ ಬಿರುಕು ಬಿಡುತ್ತದೆ. ಆದರೆ ತೂಬಿನ ಹತ್ತಿರ ಬಂದಾಗ ಅವರ ಕೈ ನಿಲ್ಲುತ್ತದೆ. ಅಲ್ಲಿ ಸಸಿಗಳು ಮೊಣಕಾಲುದ್ದ ಬೆಳೆದಿವೆ, ಒಂದನ್ನೂ ಅವರು ಮುಟ್ಟುವುದಿಲ್ಲ.

"ಅದು ಇವತ್ತಿನ ಕೆಲ್ಸ ಸಾಮಿ. ಬೇಕು ಅಂತ್ಲೇ ಬಿಟ್ಟಿದೀನಿ" ಎನ್ನುತ್ತಾರೆ.

ಇವತ್ತು ಎಂದರೆ 2007ರ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ದಿನ. ಅದಕ್ಕೂ ಜಾಲಿ ಸಸಿಗೂ ಏನು ಸಂಬಂಧ ಎಂದು ನನಗೂ ಮೊದಲು ಅರ್ಥವಾಗಲಿಲ್ಲ. ಅಳಿದುಳಿದ ನೀರುಗಂಟಿಗಳ ಬಗ್ಗೆ ನಾಲ್ಕು ಸಾಲು ಬರೆಯೋಣವೆಂದು ಮುಳಬಾಗಿಲಿನಿಂದ ಬಸ್ಸು ಹತ್ತಿದವನು ನಾನು. ನೀರುಗಂಟಿ ಎಂದರೆ ಕೆರೆಯ ಕಾವಲು ಕಾಯ್ದು, ತೂಬು ಎತ್ತಿ, ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಹಂಚುವವರು. ಬರೆಯಲು ಬಂದದ್ದು ಒಂದು, ಕೇಳಿಸಿಕೊಂಡದ್ದು ಇನ್ನೊಂದು.

ದೇವರಾಯಸಮುದ್ರದ ದೊಡ್ಡ ಕೆರೆ ನಾಲ್ಕು ಜನಕ್ಕೆ ಗೊತ್ತು. ಅಲ್ಲಿಂದ ಒಳದಾರಿ ಹಿಡಿದರೆ ಸಿಗುವ ಈ ಸಣ್ಣ ಕೆರೆಯನ್ನು ಕೇಳುವವರಿಲ್ಲ. ಇದರ ನೀರುಗಂಟಿಯಾಗಿದ್ದವರು ಆಂಜಿನಮ್ಮನ ಗಂಡ ಪೆದ್ದಪ್ಪ. ಅವರು ತೀರಿಕೊಂಡಾಗ ಹೆಂಗಸಿನ ಕೈಗೆ ತೂಬು ಕೊಡುವುದು ಹೇಗೆ ಎಂದು ಊರಿನವರು ಮೂಗು ಮುರಿದರಂತೆ. ಆ ವರ್ಷ ತೂಬಿಗೆ ಹೂಳು ಕಚ್ಚಿಕೊಂಡಿತು, ಎದೆಮಟ್ಟದ ನೀರಿಗೆ ಇಳಿಯಲು ಗಂಡಸರು ಮುಖ ಮುಖ ನೋಡಿಕೊಂಡರು. ಆಂಜಿನಮ್ಮ ಸೆರಗು ಬಿಗಿದು ಇಳಿದರು. ಅಲ್ಲಿಗೆ ಮಾತು ಮುಗಿಯಿತು. ಕೂಲಿ ಏನು ಎಂದು ಕೇಳಿದರೆ ನಗುತ್ತಾರೆ: "ಬೆಳೆ ಆದ ವರ್ಷ ಮೊರದಲ್ಲಿ ಹಾಕ್ತಾರೆ, ಆಗದ ವರ್ಷ ಬರೀ ಬಾಯ್ಮಾತಲ್ಲಿ ಹಾಕ್ತಾರೆ."

ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಣ್ಣು ಮತ್ತೆ ಮತ್ತೆ ತೂಬಿನ ಬಳಿಯ ಗುಂಡಿಗೆ ಹೋಗುತ್ತದೆ. ಎರಡು ವರ್ಷದ ಹಿಂದೆ ಒಳ್ಳೆಯ ಮಳೆ ಬಿದ್ದು ಕೆರೆ ಕೋಡಿ ಹರಿದಿತ್ತು. ಕಳೆದ ವರ್ಷ ಮಳೆ ಕೈಕೊಟ್ಟಿತು. ಈಗ ಉಳಿದಿರುವುದು ಆ ಗುಂಡಿಯ ನೀರು ಮಾತ್ರ, ಅದೂ ಎರಡಾಳು ಆಳ.

ಇನ್ನು ಕಂಪ್ಯೂಟರಿನ ವಿಷಯ. ಹೋಬಳಿಯ ಹೈಸ್ಕೂಲಿಗೆ ಐದು ಕಂಪ್ಯೂಟರುಗಳು ಬಂದು ಮೂರು ವರ್ಷವಾಯಿತು. ಅವಕ್ಕೊಂದು ಕೋಣೆ, ಕೋಣೆಗೊಂದು ಬೀಗ, ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂಬ ಬೋರ್ಡು. ಹಗಲಲ್ಲಿ ಕರೆಂಟಿಲ್ಲ. ತರಬೇತಿ ಪಡೆದ ಒಬ್ಬ ಮೇಷ್ಟ್ರಿಗೆ ವರ್ಗವಾಗಿದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಆ ಕೋಣೆಯ ಒಳಗೆ ಕಾಲಿಡದೆಯೇ ಹತ್ತನೇ ತರಗತಿ ಮುಗಿಸುವ ಮಕ್ಕಳಿಗೆ ಕಂಪ್ಯೂಟರು ಒಂದೇ ಒಂದು ದಿನ ಎದುರಾಗುತ್ತದೆ. ಅದು ಫಲಿತಾಂಶದ ದಿನ. ಮೊದಲು ಇಂಟರ್ನೆಟ್ಟಿನಲ್ಲಿ, ಮರುದಿನ ಶಾಲೆಯ ಬೋರ್ಡಿನಲ್ಲಿ ಎನ್ನುವುದು ಈಗಿನ ಕ್ರಮ. ಬೋರ್ಡಿನ ಪಕ್ಕದಲ್ಲಾದರೆ ಮೇಷ್ಟ್ರು ಇರುತ್ತಾರೆ, ಬೈಯುವುದಕ್ಕೋ ಬೆನ್ನು ತಟ್ಟುವುದಕ್ಕೋ. ಇಂಟರ್ನೆಟ್ಟು ಪೇಟೆಯ ಬ್ರೌಸಿಂಗ್ ಸೆಂಟರಿನಲ್ಲಿದೆ. ಅಲ್ಲಿ ಹಿಂದೆ ನಿಂತವರು ಬೇಗ ಏಳು ಎಂದು ತಳ್ಳುತ್ತಾರೆ.

ಹೋದ ವರ್ಷ ಹೀಗಾಯಿತು.

ಕೆರೆಯ ಪಕ್ಕದ ಬೀದಿಯ ಗುರುವಪ್ಪ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುತ್ತಾರೆ, ವಾರಕ್ಕೊಮ್ಮೆ ಊರಿಗೆ ಬರುತ್ತಾರೆ. ಮಗಳು ಸಹನ ಪರೀಕ್ಷೆ ಬರೆದಿದ್ದಳು. ಫಲಿತಾಂಶದ ದಿನ ಅಪ್ಪ ಗೂಡಿನಿಂದ ಅರ್ಧ ದಿನ ಬಿಡಿಸಿಕೊಂಡು ಮಾಲೂರಿನ ಬ್ರೌಸಿಂಗ್ ಸೆಂಟರಿಗೆ ಹೋದರು. ಮಗಳ ನಂಬರು ಅಂಗೈ ಮೇಲೆ ಬರೆದುಕೊಂಡಿದ್ದರು. ಅಂಗಡಿಯವನು ಒತ್ತಿ ನೋಡಿ, "ಈ ನಂಬರ್ ಬರ್ತಿಲ್ಲ" ಎಂದು ಮುಂದಿನವರನ್ನು ಕರೆದ. ಲಕ್ಷಾಂತರ ಜನ ಒಟ್ಟಿಗೆ ಮುಗಿಬಿದ್ದು ಯಂತ್ರ ಏದುಸಿರು ಬಿಡುತ್ತಿತ್ತು, ಅಷ್ಟೇ. ಇನ್ನೊಂದು ಗಂಟೆ ಬಿಟ್ಟು ಒತ್ತಿದ್ದರೆ ಬರುತ್ತಿತ್ತು. ಪಾಸಾಗಲಿ ಫೇಲಾಗಲಿ, ಕಂಪ್ಯೂಟರು ಎಲ್ಲರದ್ದನ್ನೂ ತೋರಿಸುತ್ತದೆ. ಅದನ್ನು ಗುರುವಪ್ಪನಿಗೆ ಯಾರು ಹೇಳಬೇಕು? ಅವರ ಕಾಲದಲ್ಲಿ ಪೇಪರಿನಲ್ಲಿ ಬರುತ್ತಿದ್ದುದು ಪಾಸಾದವರ ನಂಬರು ಮಾತ್ರ. ನಂಬರು ಇಲ್ಲ ಎಂದರೆ ಮನೆಯವರು ಪೇಪರು ಮಡಚಿಟ್ಟು ಸುಮ್ಮನಾಗುತ್ತಿದ್ದರು. ಈ ಸೀಮೆಯ ಹಳ್ಳಿಗಳಲ್ಲಿ ಇವತ್ತಿಗೂ ಅದೇ ಲೆಕ್ಕ.

ಗುರುವಪ್ಪ ಊರಿನ ಅಂಗಡಿಯ ಫೋನಿಗೆ ಮಾಡಿದರು. ಎಲೆ ಅಡಿಕೆಗೆಂದು ಬಂದಿದ್ದ ಆಂಜಿನಮ್ಮನ ಕೈಗೆ ಅಂಗಡಿಯವರು ಫೋನು ಕೊಟ್ಟರು. ಆ ಕರೆಯನ್ನು ಆಂಜಿನಮ್ಮ ಇಂದಿಗೂ ಒಂದಕ್ಷರ ಬಿಡದೆ ಹೇಳುತ್ತಾರೆ.

"ಅಕ್ಕಾ, ನಮ್ಮ ಪಾಪಂದು ನಂಬರ್ ಬಂದಿಲ್ವಂತೆ. ಬಚ್ಚಮ್ಮಂಗೆ ಹೇಳು, ಮಗೂನ ಬೈಬ್ಯಾಡ ಅನ್ನು. ಮತ್ತೆ ಪರೀಕ್ಷೆಗೆ ಕಟ್ಸಾಣ, ನಾನಿದೀನಿ ಅನ್ನು. ಅಂಗಂದ ಸಾಮಿ ಗುರುವಪ್ಪ."

ತಾಯಿ ಬಚ್ಚಮ್ಮ ಮನೆಯಲ್ಲಿರಲಿಲ್ಲ. ಮಾವಿನ ಕಾಲ, ಶ್ರೀನಿವಾಸಪುರದ ಮಂಡಿಗೆ ಹಣ್ಣು ಆರಿಸುವ ಕೆಲಸಕ್ಕೆ ಹೋಗಿದ್ದರು. ಸಂಜೆಗೆ ಲಾರಿ ವಾಪಸ್ಸು ತಂದು ಬಿಡುತ್ತದೆ. ಹೊಸಿಲ ಮೇಲೆ ಸಹನ ಒಬ್ಬಳೇ ಕಾಯುತ್ತಾ ಕೂತಿದ್ದಳು.

"ಏನಂತೆ ಅವ್ವ ಅಂದ್ಲು. ನಂಬರ್ ಬಂದಿಲ್ವಂತೆ ತಾಯಿ ಅಂದೆ. ಅಷ್ಟೇ ಅಂದಿದ್ದು." ಆಂಜಿನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಡಿಸುತ್ತಾರೆ. "ಬೈಬ್ಯಾಡ ಅನ್ನೋ ಮಾತು ಅವರಮ್ಮಂಗೆ ಅಂತ ಕೊಟ್ಟಿದ್ದಲ್ವಾ, ಬಚ್ಚಮ್ಮ ಬರ್ಲಿ ಹೇಳಾಣ ಅಂತ ನನ್ನತ್ರಾನೇ ಇಟ್ಕೊಂಡೆ. ಪಾಪಂಗೆ ಹೇಳ್ಲಿಲ್ಲ ಸಾಮಿ."

ಲಾರಿ ಬರುವಷ್ಟರಲ್ಲಿ ಸಹನ ಮನೆಯಲ್ಲಿರಲಿಲ್ಲ. ಕೆರೆಯ ಒಳಗನ್ನು ಬಲ್ಲವರು ಊರಿನಲ್ಲಿ ಒಬ್ಬರೇ. ಅವರೇ ಇಳಿಯಬೇಕಾಯಿತು, ಅವರೇ ಎತ್ತಿ ತರಬೇಕಾಯಿತು.

ಮರುದಿನ ಶಾಲೆಯ ಬೋರ್ಡಿಗೆ ಪಟ್ಟಿ ಅಂಟಿಸಿದರು. ಸಹನ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಳು.

ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡಲಾರೆ. ಯಾರ ಮೇಲೆ ಎಂದು ಕೇಳಿದರೆ ಬೆರಳು ತೋರಿಸಲು ಒಬ್ಬ ಮನುಷ್ಯನೂ ಸಿಗುವುದಿಲ್ಲ, ಅದಕ್ಕೇ ಹೆಚ್ಚು ಸಿಟ್ಟು. ಫಲಿತಾಂಶ ಬೇಗ ತಲುಪಲಿ ಎಂದು ಯೋಚಿಸಿದವರು ತಲುಪಿದ ಮೇಲೆ ಆ ಮಗುವಿನ ಪಕ್ಕದಲ್ಲಿ ಯಾರಿರುತ್ತಾರೆ ಎಂದು ಯೋಚಿಸಲಿಲ್ಲ. ಆಂಜಿನಮ್ಮ ಹೈಸ್ಕೂಲಿಗೆ ನಡೆದು ಹೋಗಿ, ಇನ್ನು ಮುಂದೆ ಫಲಿತಾಂಶದ ದಿನವೇ ಶಾಲೆ ತೆಗೆದು ಮಕ್ಕಳನ್ನು ಕೂರಿಸಿಕೊಂಡು ಹೇಳಿ ಎಂದು ಕೇಳಿದ್ದರಂತೆ. ಪಟ್ಟಿ ನಮಗೆ ಬರುವುದೇ ಮರುದಿನ ಎಂದರಂತೆ ಹೆಡ್‌ಮಾಸ್ಟರು. ಪಾಪ, ಅವರು ಹೇಳಿದ್ದೂ ಸುಳ್ಳಲ್ಲ.

ಹಾಗಾಗಿ ಈ ವರ್ಷ ಆಂಜಿನಮ್ಮ ತಾವೇ ಒಂದು ದಾರಿ ಮಾಡಿಕೊಂಡಿದ್ದಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ತೂಬಿನ ಕಲ್ಲಿಗೆ ಒರಗಿ ಕೂತಿದ್ದಾರೆ. ಪಕ್ಕದಲ್ಲಿ ಒಂದು ಬುಟ್ಟಿ, ಅದರಲ್ಲಿ ಬೇಯಿಸಿದ ಕಡಲೆಕಾಯಿ. ನನ್ನನ್ನು ಹುಣಸೆಮರದ ಕೆಳಗೆ ಕೂರಿಸಿ, ಹತ್ತಿರ ಬರಬೇಡಿ ಎಂದು ಕಟ್ಟಪ್ಪಣೆ ಮಾಡಿದ್ದಾರೆ.

ಬಿಸಿಲು ಇಳಿಯುವ ಹೊತ್ತಿಗೆ ಏರಿಯ ಮೇಲೆ ಒಬ್ಬಳು ಹುಡುಗಿ ಬರುತ್ತಾಳೆ. ಅವಳ ಹೆಸರು ಬರೆಯುವುದಿಲ್ಲ. ಕಾಲಲ್ಲಿ ಚಪ್ಪಲಿ ಇಲ್ಲ, ನೋಟ ನೆಲ ಬಿಟ್ಟು ಮೇಲೇಳುತ್ತಿಲ್ಲ. ಆಂಜಿನಮ್ಮ ಎದ್ದು ಓಡುವುದಿಲ್ಲ, ಕೂಗುವುದೂ ಇಲ್ಲ.

"ಯಾರೂ ಬೈಯಲ್ಲ ಕಣೇ" ಎನ್ನುತ್ತಾರೆ. ಮೊದಲ ಮಾತೇ ಅದು. ಆಮೇಲೆ, "ರಾ ತಲ್ಲಿ, ಬಾ ತಾಯಿ. ಈ ಜಾಲಿ ನನ್ನ ಕೈಗೆ ಬಗ್ತಿಲ್ಲ, ಒಂಚೂರು ಹಿಡ್ಕೊ."

ಹುಡುಗಿ ನಿಲ್ಲುತ್ತಾಳೆ. ಬಹಳ ಹೊತ್ತು ನಿಲ್ಲುತ್ತಾಳೆ. ಕೊನೆಗೆ ಬಗ್ಗಿ ಒಂದು ಸಸಿಗೆ ಕೈ ಹಾಕುತ್ತಾಳೆ. ಇಬ್ಬರೂ ಒಂದೊಂದೇ ಕೀಳುತ್ತಾ ಗುಂಡಿಗೆ ಬೆನ್ನು ಮಾಡಿ ಊರಿನ ಕಡೆಗೆ ಸರಿಯುತ್ತಾರೆ. ಹುಡುಗಿಯ ಹೆಗಲು ಅಲುಗುವುದು ನನಗೆ ಕಾಣುತ್ತದೆ. ಗಣಿತ ಒಂದರಲ್ಲಿ ಹೋಗಿದೆಯಂತೆ, ಆಮೇಲೆ ತಿಳಿಯಿತು.

"ಬಗ್ಗಿ ಕೆಲ್ಸ ಮಾಡೋರ ಮುಖ ಯಾರ್ಗೂ ಕಾಣಲ್ಲ. ಅತ್ಕೋಬೋದು" ಎನ್ನುತ್ತಾರೆ ಆಂಜಿನಮ್ಮ, ಅವಳನ್ನು ಮನೆಯವರೆಗೂ ಬಿಟ್ಟು ಬಂದ ಮೇಲೆ. "ಅದಕ್ಕೇ ಆ ಗಿಡ ಬಿಟ್ಟಿದ್ದು."

ಬುಟ್ಟಿ ಎತ್ತಿಕೊಳ್ಳುತ್ತಾ ಗುಂಡಿಯ ಕಡೆ ನೋಡಿ, ಯಾರಿಗೋ ಒಪ್ಪಿಸುವಂತೆ ಹೇಳುತ್ತಾರೆ: "ನೀರುಗಂಟಿ ಆದೋಳು ಕೆರೆ ತುಂಬ್ಲಿ ಅಂತ ಕೇಳ್ಕೋಬೇಕು. ಮೇ ತಿಂಗಳು ಬಂದ್ರೆ ನಾನು ಒಣಗ್ಲಪ್ಪಾ ಅಂತೀನಿ. ಇಂಥಾ ಪಾಪದ ಮಾತು ಪೆದ್ದಪ್ಪ ಇದ್ದಿದ್ರೆ ಆಡಕ್ಕೆ ಬಿಡ್ತಿರ್ಲಿಲ್ಲ." ನಿಮಗೇನು ಆಸೆ ಎಂದು ಕೇಳುತ್ತೇನೆ. "ಕಂಪ್ಯೂಟರ್ ಬ್ಯಾಡ ಅನ್ನಲ್ಲ. ಅದು ಹೇಳೋ ಹೊತ್ಗೆ ಒಂದು ಆಳು ಪಕ್ಕದಲ್ಲಿರ್ಲಿ."

ಮುಸ್ಸಂಜೆ. ಆಂಜಿನಮ್ಮ ಮನೆಗೆ ಹೋಗದೆ ಪಕ್ಕದ ಬೀದಿಗೆ ತಿರುಗುತ್ತಾರೆ, ನಾನೂ ಹಿಂದೆ ಹೋಗುತ್ತೇನೆ. ಬಚ್ಚಮ್ಮನ ಮನೆಯ ಬಾಗಿಲು ಮುಚ್ಚಿದೆ. ಒಳಗೆ ಒಲೆ ಹೊತ್ತಿಸಿದ ಹೊಗೆ ಹೆಂಚಿನ ಸಂದಿಯಲ್ಲಿ ಏಳುತ್ತಿದೆ. ಈ ಒಂದು ವರ್ಷದಲ್ಲಿ ಬಚ್ಚಮ್ಮ ಇವರೊಂದಿಗೆ ಒಂದು ಮಾತೂ ಆಡಿಲ್ಲ.

ಹೊಸಿಲಿನಿಂದ ಮಾರು ದೂರದಲ್ಲಿ ನಿಂತು ಆಂಜಿನಮ್ಮ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಬಚ್ಚಮ್ಮಾ, ಆಂಜಿನಮ್ಮ ಕಣೇ. ಊರಿನ ಮಕ್ಳೆಲ್ಲಾ ಮನೆ ಸೇರ್ಕೊಂಡ್ರು."

ಒಳಗೆ ಪಾತ್ರೆಯ ಸದ್ದು ನಿಲ್ಲುತ್ತದೆ. ನಾವು ಕಾಯುತ್ತೇವೆ. ಬಾಗಿಲು ತೆರೆಯುವುದಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಆಂಜಿನಮ್ಮ ಗುದ್ದಲಿ ಹೆಗಲಿಗೇರಿಸಿ ಹೊರಡುತ್ತಾರೆ. ನನ್ನ ಮುಖ ನೋಡಿ ಏನನ್ನಿಸಿತೋ, ನಡೆಯುತ್ತಲೇ ಸಮಾಧಾನ ಹೇಳುತ್ತಾರೆ.

"ತೆಗೀಲಿ ಅಂತ ಹೋಗಿಲ್ಲ ಸಾಮಿ. ಹೋದ ಸಲ ಅವಳಿಗೆ ಹೇಳ್ಬೇಕಾದ ಮಾತು ನನ್ನತ್ರಾನೇ ಉಳ್ಕೊಂಡ್ಬಿಡ್ತು. ಈ ಸಲದ್ದು ಹೇಳಿ ಬಂದೆ."