ಮದರಂಗಿ ಬಾಲದ ಕುದುರೆ

ಮೊನ್ನೆ ಮೊಮ್ಮಗಳು ಮದರಂಗಿ ಅರೆದಿಟ್ಟಳು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕಣ್ಣ ಮುಂದೆ ಬಂದದ್ದು ಒಂದು ಬಿಳಿ ಕುದುರೆಯ ಕೆಂಪು ಬಾಲ...

ಶಿವಮೊಗ್ಗದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿದ್ದ ಜಟಕಾ ಸಾಬರ ಕುದುರೆ ಅದು. ರಂಜಾನ್ ಹಬ್ಬಕ್ಕೆ ಅವರ ಹೆಂಡತಿ ತಮ್ಮ ಕೈಗೆ ಹಚ್ಚಿ ಉಳಿದ ಮದರಂಗಿಯನ್ನು ಅದರ ಬಾಲಕ್ಕೆ ಮೆತ್ತುತ್ತಿದ್ದರು. ಅಂಥ ಬಾಲ ಊರಿಗೆಲ್ಲ ಒಂದೇ. ಎರಡನೇ ಮಹಾಯುದ್ಧದ ಕಾಲ, ಬಸ್ಸು ಅಪರೂಪ. ಭದ್ರಾವತಿಗೆ ಹೋಗುವ ಹೆಂಗಸರು ಅವರನ್ನೇ ಕರೆಯುತ್ತಿದ್ದರು.

ಒಮ್ಮೆ ಹಬ್ಬ ಕಳೆದ ಮೇಲೆ ನಮ್ಮೂರ ಪತ್ರಿಕೆಯಲ್ಲಿ ಬಂತು: ಮಲವಗೊಪ್ಪದ ದಾರಿಯಲ್ಲಿ ಹೆಂಗಸೊಬ್ಬಳ ಒಡವೆ ಗಂಟು ಮಾಯ, ಮದರಂಗಿ ಬಾಲದ ಕುದುರೆಯ ಜಟಕಾದವನ ಮೇಲೆ ಗುಮಾನಿ. ಹೆಸರು ಹಾಕಿರಲಿಲ್ಲ. ಅದೇನು ಮರ್ಯಾದೆಯೋ, ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಹೋಟೆಲಿನಲ್ಲಿ ಒಬ್ಬ ಗಟ್ಟಿಯಾಗಿ ಓದಿದ, ಹತ್ತು ಜನ ಕೇಳಿದರು. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಸಾಬರ ಗಾಡಿ ಹತ್ತುವವರೇ ಇಲ್ಲವಾದರು. ಪೊಲೀಸರು ಬಂದು ಮನೆ ಜಾಲಾಡಿ ಹೋದರು.

ಕೊನೆಗೆ ಗಂಟು ಸಿಕ್ಕಿದ್ದು ಆ ಹೆಂಗಸಿನ ತವರಿನ ಅಕ್ಕಿ ಡಬ್ಬದಲ್ಲಿ. ಕಳ್ಳರ ಭಯಕ್ಕೆ ಹೊರಡುವ ಮುಂಚೆ ತಾನೇ ಅಲ್ಲಿ ಬಚ್ಚಿಟ್ಟು ಮರೆತಿದ್ದಳು. ಅದನ್ನೂ ಹಾಕಿ ಎಂದು ಕೇಳಲು ಮೇಷ್ಟರಾಗಿದ್ದ ನಮ್ಮಪ್ಪ ಪತ್ರಿಕೆಯವರ ಬಳಿಗೆ ಹೋದರು. ಅವರು ನಕ್ಕರಂತೆ.

"ಕಳವಾದ್ರೆ ಸುದ್ದಿ ಮೇಷ್ಟ್ರೇ. ಸಿಕ್ಕಿದ್ದನ್ನ ಯಾರು ಓದ್ತಾರೆ?"

ಅಪ್ಪ ಬಂದು ಹೇಳಿದ್ದನ್ನು ಅಮ್ಮ ಕೇಳಿಸಿಕೊಂಡಳು. ಮರುದಿನ ಇದ್ದಬದ್ದ ಒಡವೆಗಳನ್ನೆಲ್ಲ ಹಾಕಿಕೊಂಡು, ನನ್ನ ಕೈ ಹಿಡಿದು ಸಾಬರ ಗಾಡಿ ಹತ್ತಿದಳು.

"ಭದ್ರಾವತಿ, ನಮ್ಮಣ್ಣನ ಮನೆಗೆ. ಪೇಟೆ ಮೇಲೇ ಹೋಗ್ಲಿ ಸಾಬ್ರೇ."

ಪೇಟೆಯುದ್ದಕ್ಕೂ ಅಮ್ಮ ತಲೆಯೆತ್ತಿ ಕೂತಿದ್ದಳು. ಸಾಬರಿಗೆ ಮಾತ್ರ ಜೀವ ಬಾಯಿಗೆ ಬಂದಿತ್ತು. ಗಾಡಿ ಕುಲುಕಿದಾಗಲೆಲ್ಲ ತಿರುಗಿ ಅಮ್ಮನ ಕಿವಿ, ಕತ್ತು, ಕೈ ನೋಡುತ್ತಿದ್ದರು. ಮಲವಗೊಪ್ಪದ ಹತ್ತಿರ ಚಕ್ರ ಗುಂಡಿಗೆ ಇಳಿಯಿತು. ಅಮ್ಮನ ಒಂದು ಓಲೆ ಕಳಚಿ, ಗಾಡಿಯೊಳಗೆ ಹಾಸಿದ್ದ ಹುಲ್ಲಿಗೆ ಬಿತ್ತು.

ಸಾಬರು ಕೆಳಗೆ ಹಾರಿ, ಗಾಡಿಯಿಂದ ದೂರ ಹೋಗಿ, ಎರಡೂ ಕೈ ಮೇಲೆತ್ತಿ ರಸ್ತೆಯ ನಡುವೆ ನಿಂತರು.

"ನೀವೇ ಹುಡುಕ್ರಿ ಅಮ್ಮಾ. ನಾನು ಮುಟ್ಟಲ್ಲ."

ಹುಲ್ಲನ್ನೆಲ್ಲ ಕೆದರಿದೆವು. ಓಲೆ ಸಿಕ್ಕಿದ ಮೇಲೂ ಅವರು ಕೈ ಇಳಿಸಲಿಲ್ಲ. ಅಮ್ಮ ಅದನ್ನು ಕಿವಿಗೆ ಹಾಕಿಕೊಂಡು, "ಬನ್ನಿ, ಹೊತ್ತಾಯ್ತು" ಎಂದಾಗಲೇ ಬಂದರು.

ಆಮೇಲೆ ಜನ ಒಬ್ಬೊಬ್ಬರಾಗಿ ಮತ್ತೆ ಅವರ ಗಾಡಿ ಹತ್ತಿದರು. ಮುಂದಿನ ರಂಜಾನಿಗೆ ಮಾತ್ರ ಕುದುರೆಯ ಬಾಲಕ್ಕೆ ಮದರಂಗಿ ಬೀಳಲಿಲ್ಲ, ಅವರ ಹೆಂಡತಿಯ ಕೈಗೂ ಇಲ್ಲ...

"ಅಜ್ಜಿ, ಕೈ ಚಾಚಿ" ಎಂದಳು ಮೊಮ್ಮಗಳು. ಚಾಚಿದೆ. ಸಾಬರು ಹೋಗಿ ಎಷ್ಟೋ ಕಾಲವಾಯಿತು, ಅಮ್ಮನೂ ಇಲ್ಲ. ಆ ಪತ್ರಿಕೆ ಯಾರ ಮನೆಯ ಹಳೇ ಕಟ್ಟಿನಲ್ಲಾದರೂ ಉಳಿದಿರಬಹುದು. ಗಂಟೂ ಸಿಕ್ಕಿತು, ಓಲೆಯೂ ಸಿಕ್ಕಿತು ಎಂದು ಹೇಳಲು ಈಗ ನಾನೊಬ್ಬಳೇ ಉಳಿದಿದ್ದೇನೆ.