ಚಡಾವಿನಲ್ಲಿ ನಿಂತ ರೈಲು

ಕಾಫಿ ಹೂವಿನ ವಾಸನೆಗೆ ಮನಸೋಲದವರೇ ಇಲ್ಲ ಎಂದು ಹೊರಗಿನಿಂದ ಬಂದ ನೆಂಟರು ಹೇಳುವುದುಂಟು. ದಯವಿಟ್ಟು ನನ್ನನ್ನು ಆ ಲೆಕ್ಕಕ್ಕೆ ಸೇರಿಸಬೇಡಿ. ಹೂಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗಿ, ಆ ಸಿಹಿ ಗಾಳಿ ಕಿಟಕಿಯಿಂದ ಒಳಗೆ ಬಂದರೆ ಸಾಕು, ಈ ವಯಸ್ಸಿನಲ್ಲೂ ನಾನು ಎದ್ದು ಹೋಗಿ ಕಿಟಕಿ ಮುಚ್ಚುತ್ತೇನೆ. ಅದರ ಬೆನ್ನಿಗೇ ಕೆಂಪು ಶಾಯಿಯ ವಾಸನೆ, ಕರಗಿದ ಅರಗಿನ ವಾಸನೆ, ಗಂಜಿ ಹಾಕಿದ ದಪ್ಪ ಬಟ್ಟೆಯ ವಾಸನೆ ಬರುತ್ತವೆ. ಅಮ್ಮತ್ತಿಯ ನಮ್ಮ ಮನೆಗೆ ಕಾಫಿ ಹೂವೂ ಅಪ್ಪ ತಿದ್ದಬೇಕಾದ ಪರೀಕ್ಷೆಯ ಪೇಪರಿನ ಕಟ್ಟೂ ಒಟ್ಟಿಗೇ ಬರುತ್ತಿದ್ದವು. ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತಿದ ಆ ಕಟ್ಟನ್ನು ಅಪ್ಪ ಅಂಚೆಯವನ ಕೈಯಿಂದ ಎರಡು ಕೈಯಲ್ಲಿ ಇಸಿದುಕೊಳ್ಳುತ್ತಿದ್ದರು. ಅವತ್ತಿನಿಂದ ಜಗಲಿಯ ಪಕ್ಕದ ಕೋಣೆಗೆ ಬೆಕ್ಕಿಗೂ ಪ್ರವೇಶವಿರುತ್ತಿರಲಿಲ್ಲ.

ಕೊಡಗು ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ ಅದು. ನಾವು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತ ಮನೆತನದವರು. ಅಪ್ಪನಿಗೆ ಇಂಗ್ಲಿಷ್ ಮೇಷ್ಟರ ಕೆಲಸ ಸಿಕ್ಕಿ ಅಮ್ಮತ್ತಿಗೆ ಬಂದಿದ್ದೆವು. ಬಾಡಿಗೆ ಮನೆಯ ಒಂದು ಮಗ್ಗುಲಿಗೆ ಮನೆ ಮಾಲೀಕರ ಕಾಫಿ ಒಣಗಿಸುವ ಕಣ, ಇನ್ನೊಂದು ಮಗ್ಗುಲಿಗೆ ಬಸ್ಸಿನ ರಸ್ತೆ. ಸಿದ್ದಾಪುರದಿಂದ ವಿರಾಜಪೇಟೆಗೆ ಹೋಗುವ ಬಸ್ಸು ನಮ್ಮ ಮನೆಯ ಮುಂದಿನ ಚಡಾವು ಹತ್ತುವಾಗ ಉಬ್ಬಸ ಬಂದವರ ಹಾಗೆ ಏದುತ್ತಿತ್ತು. ಕ್ಲೀನರ್ ಕೆಳಗೆ ಹಾರಿ ಚಕ್ರಕ್ಕೆ ಕಲ್ಲು ಕೊಡುವನು, ಡಬ್ಬದಲ್ಲಿ ನೀರು ತಂದು ಇಂಜಿನಿಗೆ ಹೊಯ್ಯುವನು, ಅಷ್ಟು ಹೊತ್ತು ಜನ ಇಳಿದು ಕೈಕಾಲು ಸಡಿಲ ಮಾಡಿಕೊಂಡು ಹರಟೆ ಹೊಡೆಯುವರು. ಯಾರಾದರೂ ದೂರದ ಎಸ್ಟೇಟಿನ ದಾರಿಯಿಂದ ಕೈ ಬೀಸಿದರೆ ಡ್ರೈವರ್ ಅವರು ಬಂದು ಸೇರುವ ತನಕ ಕಾಯುತ್ತಿದ್ದ. ಬೈದುಕೊಂಡೇ ಕಾಯುತ್ತಿದ್ದ, ಬಿಟ್ಟು ಮಾತ್ರ ಹೋಗುತ್ತಿರಲಿಲ್ಲ. ನಾವು ಕಂಡ ದೊಡ್ಡ ಗಾಡಿ ಎಂದರೆ ಅದೇ. ಕೊಡಗಿನಲ್ಲಿ ರೈಲಿರಲಿಲ್ಲ, ಈಗಲೂ ಇಲ್ಲ.

ಅಪ್ಪ ಪಾಠ ಹೇಳುವ ರೀತಿ ಬೇರೆ ಮೇಷ್ಟರುಗಳಿಗೆ ತಮಾಷೆಯ ವಸ್ತುವಾಗಿತ್ತು. ಅವರ ತರಗತಿಯಲ್ಲಿ ಗೈಡು ಕಣ್ಣಿಗೆ ಬಿದ್ದರೆ ಕಿಟಕಿಯಿಂದ ಆಚೆ ಹೋಗುತ್ತಿತ್ತು. ಪ್ರಬಂಧ ಬರೆಸಬೇಕಾದರೆ ಮಕ್ಕಳನ್ನು ಸಂತೆಗೆ ಕರೆದುಕೊಂಡು ಹೋಗಿ, ಒಣಮೀನು ಮಾರುವವಳ ಮುಂದೆ ನಿಲ್ಲಿಸಿ, ವಾಪಸು ಬಂದ ಮೇಲೆ ಕಂಡದ್ದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎನ್ನುತ್ತಿದ್ದರು. ಓದುವ ಪರೀಕ್ಷೆಯಂತೂ ಇನ್ನೂ ವಿಚಿತ್ರ. ಹುಡುಗರು ಒಬ್ಬೊಬ್ಬರಾಗಿ ನಮ್ಮ ಜಗಲಿಗೆ ಬಂದು ಒಂದು ಪುಟ ಗಟ್ಟಿಯಾಗಿ ಓದಬೇಕು, ಅಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎನ್ನುವುದರಲ್ಲೇ ಅರ್ಥವಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ ಎನ್ನುವುದು ಅವರ ನಂಬಿಕೆ. ಮನೆಯಲ್ಲಿ ಕೊಡವ ತಕ್, ಅರೆಭಾಷೆ, ಮಲಯಾಳ, ತಮಿಳು ಆಡುವ ಮಕ್ಕಳು ಅವರು, ಒಬ್ಬೊಬ್ಬರ ಇಂಗ್ಲಿಷೂ ಒಂದೊಂದು ರಾಗ. ಅಪ್ಪ ರಾಗಕ್ಕೆ ಅಂಕ ಕಳೆಯುತ್ತಿರಲಿಲ್ಲ. ಓದಿದ್ದು ಮನಸ್ಸಿಗೆ ಹೋಗಿದ್ದರೆ ತಲೆಯಾಡಿಸಿ ಒಂದು ನೆಲ್ಲಿಕಾಯಿಯನ್ನೋ ಕಿತ್ತಲೆ ತೊಳೆಯನ್ನೋ ಕೈಗಿಡುತ್ತಿದ್ದರು.

ಆ ಜಗಲಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವಳು ನನ್ನ ಚಿಕ್ಕವ್ವ, ಅವ್ವನ ಕೊನೆಯ ತಂಗಿ ಗಿರಿಜ. ಹೈಸ್ಕೂಲು ಓದುವುದಕ್ಕೆಂದು ನಮ್ಮ ಮನೆಯಲ್ಲಿದ್ದಳು. ಕಣದಲ್ಲಿ ಕಾಫಿ ಕೆದಕುತ್ತ, ಬರಿಗಾಲಿನಿಂದ ಸಾಲು ಎಳೆಯುತ್ತ, ಕೈಯಲ್ಲಿ ಇಂಗ್ಲಿಷ್ ಪುಸ್ತಕ ಹಿಡಿದು ಅವಳು ಗಟ್ಟಿಯಾಗಿ ಓದುವುದನ್ನು ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ನನಗಾಗ ಇಂಗ್ಲಿಷಿನ ಒಂದಕ್ಷರವೂ ಬಾರದು. ಆದರೂ ಅವಳು ಓದಿದರೆ ಯಾರಿಗೋ ಕಷ್ಟ ಬಂದಿದೆ, ಯಾರೋ ನಗುತ್ತಿದ್ದಾರೆ ಎಂದು ತಿಳಿಯುತ್ತಿತ್ತು. ಅವಳಿಗೆ ಮೇಷ್ಟರಾಗುವ ಆಸೆ. ಊರಿನಲ್ಲಿದ್ದ ಅಜ್ಜ, ಅಂದರೆ ಅವಳ ಅಪ್ಪ, ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದರು: ಪಾಸಾದರೆ ಟ್ರೈನಿಂಗಿಗೆ ಕಳಿಸುತ್ತೇನೆ, ಫೇಲಾದರೆ ಮಳೆ ಹಿಡಿಯುವ ಮುಂಚೆ ಮದುವೆ. ಸಿದ್ದಾಪುರದ ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಗಂಡನ್ನು ನೋಡಿಯೂ ಆಗಿತ್ತು. ಚಿಕ್ಕವ್ವ ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಅವಳು ಫೇಲಾಗುತ್ತಾಳೆಂದು ಯಾರಿಗೂ ಅನಿಸಿರಲಿಲ್ಲ, ಅಪ್ಪನಿಗಂತೂ ಕನಸಿನಲ್ಲೂ ಅನಿಸಿರಲಿಲ್ಲ.

ದೊಡ್ಡ ಪರೀಕ್ಷೆಯ ಇಂಗ್ಲಿಷ್ ಪೇಪರು ಮುಗಿಸಿ ಅವಳು ಮನೆಗೆ ಬಂದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅವ್ವ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಪ್ರಶ್ನೆಪತ್ರಿಕೆ ಬರುತ್ತಿದ್ದದ್ದು ಕೊಡಗಿನ ಆಚೆಯಿಂದ, ಅದನ್ನು ತಯಾರು ಮಾಡುವವರ ಊರಿನಲ್ಲಿ ಮನೆ ಹಿಂದೆಯೇ ರೈಲು ಓಡುತ್ತಿತ್ತೋ ಏನೋ. ಪ್ರಬಂಧಕ್ಕೆ ಅವರು ಕೊಟ್ಟಿದ್ದ ವಿಷಯ, ‘ನೀವು ಮಾಡಿದ ಒಂದು ರೈಲು ಪ್ರಯಾಣ’. ಬೇರೆ ಆಯ್ಕೆ ಇರಲಿಲ್ಲ.

"ನೀನೇನ್ ಬರ್ದೆ?" ಎಂದರು ಅಪ್ಪ.

"ನಾನ್ ಯಾವತ್ ರೈಲ್ ಕಂಡಿದ್ದೆ ಭಾವ? ನಮ್ ಬಸ್ಸಿಗೇ ರೈಲು ಅಂತ ಹೆಸ್ರಿಟ್ಟೆ. ಕಂಡಿದ್ ಬರೀರಿ ಅಂತ ನೀವೇ ಹೇಳಿದ್ರಲ್ಲ."

ಆಮೇಲೆ ಅವಳು ಬರೆದದ್ದನ್ನೆಲ್ಲ ಅಭಿನಯ ಮಾಡಿ ಹೇಳಿದಳು. ಅವಳ ರೈಲು ಅಮ್ಮತ್ತಿಯ ಚಡಾವು ಹತ್ತಲಾರದೆ ನಿಂತಿತು. ಗಾರ್ಡ್ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ತೋಡಿನಿಂದ ನೀರು ತಂದು ಹೊಯ್ದರು. ಪ್ರಯಾಣಿಕರು ಇಳಿದು ಕಿತ್ತಲೆ ಹಣ್ಣು ಸುಲಿದು ಹಂಚಿಕೊಂಡರು. ಮತ್ತೆ ಹೊರಡುವ ಹೊತ್ತಿಗೆ ಎಸ್ಟೇಟಿನ ದಾರಿಯಲ್ಲಿ ಒಬ್ಬಳು ಹುಡುಗಿ ಪುಸ್ತಕ ಅವಚಿಕೊಂಡು ಓಡಿ ಬರುತ್ತಿದ್ದಳು. ಅವಳು ಕೈ ತೋರಿಸಿದ್ದನ್ನು ಗಾರ್ಡ್ ನೋಡಿದ, ರೈಲು ಅವಳಿಗಾಗಿ ಕಾದು ನಿಂತಿತು. ಪ್ರಬಂಧ ಅಲ್ಲಿಗೆ ಮುಗಿಯಿತು. ಅವ್ವ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಏನೂ ತಿಳಿಯದ ನಾನೂ ನಕ್ಕೆ. ಅಪ್ಪ ಮಾತ್ರ ರೊಟ್ಟಿ ಮುರಿದ ಕೈಯನ್ನು ತಟ್ಟೆಯಲ್ಲೇ ಬಿಟ್ಟು ಅವಳ ಮುಖ ನೋಡುತ್ತಿದ್ದರು. ಇದಕ್ಕೆ ಅಂಕ ಸಿಗಲಿಕ್ಕಿಲ್ಲ ಎಂದು ಅವ್ವನಿಗೆ ಆಮೇಲೆ ಅರಿವಾಗಿ, "ಒಂದೆರಡ್ ಪ್ರಬಂಧ ಬಾಯಿಪಾಠ ಮಾಡ್ಸಿದ್ರೆ ನಿಮ್ ಗಂಟೇನ್ ಹೋಗ್ತಿತ್ತು?" ಎಂದರು. ಅಪ್ಪ ಎದ್ದು ಕೈ ತೊಳೆದುಕೊಂಡರು.

ಹೂಮಳೆ ಬಿತ್ತು, ಹೂ ಅರಳಿತು, ಕಟ್ಟು ಬಂತು. ಅದು ಕರಾವಳಿಯ ಯಾವುದೋ ಊರಿನ ಮಕ್ಕಳ ಪೇಪರು. ನಮ್ಮ ಮಕ್ಕಳದ್ದು ಇನ್ನೆಲ್ಲೋ, ಹೆಸರೂ ಗೊತ್ತಿಲ್ಲದ ಇನ್ಯಾವನೋ ಮೇಷ್ಟರ ಮೇಜಿನ ಮೇಲಿತ್ತು. ಪ್ರಶ್ನೆ ಮಾತ್ರ ಎಲ್ಲ ಕಡೆಗೂ ಅದೇ. ಕಟ್ಟಿನ ಜೊತೆ ಬಂದ ಕಾಗದದಲ್ಲಿ ಯಾವುದಕ್ಕೆ ಎಷ್ಟು ಅಂಕ ಎಂದು ಅಚ್ಚಾಗಿತ್ತು: ಟಿಕೆಟ್ಟು, ಪ್ಲಾಟ್‌ಫಾರಂ, ಕೂಲಿಯವರು, ಗಾರ್ಡಿನ ಹಸಿರು ಬಾವುಟ, ಕಿಟಕಿಯಾಚೆಗಿನ ನೋಟ. ಮಾಮೂಲಾಗಿ ಅಪ್ಪ ಪೇಪರನ್ನು ಮೊದಲು ಪೆನ್ನು ಕೆಳಗಿಟ್ಟು ಪೂರ್ತಿ ಓದುತ್ತಿದ್ದರು, ಆಮೇಲೆ ಕೆಂಪು ಶಾಯಿ ಮುಟ್ಟುತ್ತಿದ್ದರು. ಆ ವರ್ಷ ಓದುವುದಕ್ಕೇನೂ ಇರಲಿಲ್ಲ. ಒಂದೇ ಗೈಡಿನ ಒಂದೇ ರೈಲು ಪೇಪರಿಂದ ಪೇಪರಿಗೆ ಹೋಗುತ್ತಿತ್ತು, ಎಲ್ಲರ ಕಿಟಕಿಯಾಚೆಗೂ ಅದೇ ತೆಂಗಿನ ಮರ. ಎಲ್ಲಕ್ಕೂ ಅಂಕ ಕೊಡಲೇಬೇಕು. ಒಂದು ಮಧ್ಯಾಹ್ನ ಮಾತ್ರ ಅವರು ಕೋಣೆಯೊಳಗೆ ಒಬ್ಬರೇ ಗಟ್ಟಿಯಾಗಿ ನಕ್ಕಿದ್ದು ಕೇಳಿಸಿತು. ಬಾಗಿಲಿಗೆ ಬಂದು ಅವ್ವನಿಗೆ ಹೇಳಿದರು. ಯಾವುದೋ ಮಗು, ಹೊಳೆ ಸಮುದ್ರ ಸೇರುವ ಕಡೆಯದಿರಬೇಕು, ರೈಲನ್ನು ಕಂಡೇ ಇರಲಿಲ್ಲ. ಅದರ ರೈಲು ನೀರಿನ ಇಳಿತಕ್ಕೆ ಸಿಕ್ಕಿ ದೋಣಿಯ ಹಾಗೆ ಮರಳಿನಲ್ಲಿ ಕೂತಿತ್ತು. ಗಾರ್ಡ್ ಉದ್ದನೆಯ ಗಳು ಹಿಡಿದು ನೂಕುತ್ತಿದ್ದ. ಭರತದ ನೀರು ಏರಿ ಬರುವ ತನಕ ಎಲ್ಲರೂ ಒಳಗೇ ಕೂತು ಹಾಡು ಹೇಳಿದರು.

"ಎಷ್ಟ್ ಚೆನ್ನಾಗ್ ಬರ್ದದೆ ಗೊತ್ತಾ," ಎಂದರು ಅಪ್ಪ. "ಕೈತುಂಬ ಕೊಟ್ಟೆ. ಆ ಪುಣ್ಯಾತ್ಮನೂ ಹಿಂಗೇ ನಕ್ಕೊಂಡ್ ಕೊಡ್ಲಿ."

"ಯಾರು?"

"ಗಿರಿಜನ್ ಪೇಪರು ಯಾರ್ ಕೈಲದೆಯೋ ಅವ್ನು."

ತಾನು ಇಲ್ಲಿ ಧಾರಾಳವಾದರೆ ಅಲ್ಲಿ ಇನ್ನೊಬ್ಬನ ಕೈ ಧಾರಾಳವಾಗುತ್ತದೆ ಎಂದು ಅಪ್ಪ ನಿಜಕ್ಕೂ ನಂಬಿದ್ದರೋ ಏನೋ. ದೇವರ ಕೋಣೆಯ ಕಡೆ ತಲೆ ಹಾಕದ ಮನುಷ್ಯ, ಆ ಒಂದು ಬೇಸಿಗೆ ಅಂಕದಲ್ಲೇ ಹರಕೆ ಕಟ್ಟಿಕೊಂಡಂತೆ ಇದ್ದರು. ಆದರೆ ತಿದ್ದಿದ ಪೇಪರುಗಳಲ್ಲಿ ಕೆಲವನ್ನು ಮೇಲಿನವರು ಮತ್ತೆ ನೋಡುವ ಪದ್ಧತಿ ಇತ್ತು. ಕಟ್ಟು ಹೋದ ಕೆಲವು ದಿನಕ್ಕೆ ಒಂದು ಸಣ್ಣ ಕಟ್ಟು ವಾಪಸು ಬಂತು. ಸೂಚಿಸಿದ ಅಂಶಗಳಿಲ್ಲದ ಪ್ರಬಂಧಕ್ಕೆ ಅಂಕ ಕೊಡತಕ್ಕದ್ದಲ್ಲ, ತಿದ್ದಿ ಕಳಿಸಿ ಎಂದು ಬರೆದಿದ್ದರು. ಮರಳಿನಲ್ಲಿ ಕೂತ ರೈಲು ಅದರಲ್ಲಿ ಮೇಲೆಯೇ ಇತ್ತು.

ಅವತ್ತು ಅಪ್ಪ ಕೋಣೆಯ ಬಾಗಿಲು ಹಾಕಿಕೊಳ್ಳುವುದನ್ನು ಮರೆತಿದ್ದರು. ನಾನು ಹೊಸ್ತಿಲಲ್ಲಿ ನಿಂತಿದ್ದೆ, ಹೋಗು ಎನ್ನಲಿಲ್ಲ. ಆಗಲ್ಲ ಅಂತ ಬರೆದು ಕಳಿಸಿ ಎಂದರು ಅವ್ವ. "ನಾ ಕಡೀದಿದ್ರೆ ಅವ್ರೇ ಕಡೀತಾರೆ," ಎಂದರು ಅಪ್ಪ. ಬಹಳ ಹೊತ್ತಿನ ಮೇಲೆ ಪೆನ್ನು ಶಾಯಿಗೆ ಅದ್ದಿ, ತಾವೇ ಬರೆದಿದ್ದ ಅಂಕಿಯನ್ನು ಹೊಡೆದು ಹಾಕಿ, ಪಕ್ಕದಲ್ಲಿ ಇನ್ನೊಂದು ಅಂಕಿ ಬರೆದು ಸಹಿ ಮಾಡಿದರು. ಗಂಡೋ ಹೆಣ್ಣೋ ಗೊತ್ತಿಲ್ಲದ ಆ ಮಗುವಿಗೆ ಪಾಸಾಗಲು ಆ ಅಂಕಿ ಸಾಲುತ್ತಿರಲಿಲ್ಲ. ಬರೆದಾದ ಮೇಲೆ ಅವರು ಕಿಟಕಿಯ ಕಡೆ ತಿರುಗಿ ಕೂತರು. ಹೊರಗೆ ಕಣದಲ್ಲಿ ಚಿಕ್ಕವ್ವ ಕೊನೆಯ ಕುಯಿಲಿನ ಕಾಫಿಯನ್ನು ಗುಡ್ಡೆ ಮಾಡುತ್ತಿದ್ದಳು, ತಲೆಗೆ ಕಟ್ಟಿದ ಬಟ್ಟೆಯಲ್ಲಿ ತಡವಾಗಿ ಅರಳಿದ ಒಂದು ಕಾಫಿ ಹೂವಿನ ಗೊಂಚಲು ಸಿಕ್ಕಿಸಿಕೊಂಡಿದ್ದಳು. ಅವಳ ಫಲಿತಾಂಶ ಅಪ್ಪನಿಗೆ ಆ ಹೊತ್ತೇ ಗೊತ್ತಾಗಿಹೋಗಿತ್ತು. ಹೇಳಲಾರದೆ, ತಪ್ಪಿಸಲಾರದೆ, ಉಳಿದ ದಿನಗಳನ್ನು ಅವರು ಹೇಗೆ ಕಳೆದರೋ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಫಲಿತಾಂಶದ ಪೇಪರು ವಿರಾಜಪೇಟೆಯಿಂದ ಬಸ್ಸಿನಲ್ಲೇ ಬಂತು. ಚಿಕ್ಕವ್ವನ ನಂಬರು ಅದರಲ್ಲಿರಲಿಲ್ಲ. ಆಮೇಲೆ ಬಂದ ಅಂಕಪಟ್ಟಿಯಲ್ಲಿ ಉಳಿದದ್ದೆಲ್ಲ ಚೆನ್ನಾಗಿತ್ತು, ಇಂಗ್ಲಿಷು ಒಂದೇ ಹೋಗಿತ್ತು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಅಪ್ಪ ಅಜ್ಜನ ಹತ್ತಿರ ಹೋಗಿ ಇನ್ನೊಂದು ಸಲ ಪರೀಕ್ಷೆಗೆ ಕಟ್ಟಿಸೋಣ ಎಂದು ಕೈ ಮುಗಿದು ಕೇಳಿದರಂತೆ. ಇಂಗ್ಲಿಷ್ ಮೇಷ್ಟರ ಮನೆಯಲ್ಲಿದ್ದೇ ಇಂಗ್ಲಿಷಿನಲ್ಲಿ ಫೇಲಾದವಳು ಇನ್ನೆಲ್ಲಿ ಪಾಸಾದಾಳು ಎಂದು ಅಜ್ಜ ಕೇಳಿದರಂತೆ. ಅಪ್ಪ ಮುಂದಿನ ಬಸ್ಸಿಗೇ ವಾಪಸಾದರು. ಮಳೆ ಹಿಡಿಯುವ ಮುಂಚೆ ಮದುವೆಯಾಯಿತು. ಸಿದ್ದಾಪುರದ ಬಸ್ಸು ಹತ್ತುವಾಗ ಅವಳು ಅಪ್ಪನ ಕಾಲಿಗೆ ಬಗ್ಗಿದಳು. ಅಪ್ಪ ಅವಳ ತಲೆ ಮುಟ್ಟಿ, ಅವಳ ಪೆಟ್ಟಿಗೆಯನ್ನು ತಾವೇ ಬಸ್ಸಿಗೆ ಏರಿಸಿದರು. ಬಸ್ಸು ಹೋದ ಮೇಲೆ ಮನೆಯಲ್ಲಿ ಗಟ್ಟಿಯಾಗಿ ಓದುವವರು ಯಾರೂ ಉಳಿಯಲಿಲ್ಲ.

ಜೂನಿನಲ್ಲಿ ಸ್ಕೂಲು ತೆರೆದಾಗ ಅಪ್ಪ ತರಗತಿಗೆ ಹೋಗಿ ಮೊದಲ ದಿನವೇ ರೈಲು ಪ್ರಯಾಣದ ಪ್ರಬಂಧವನ್ನು ಹೇಳಿ ಬರೆಸಿದರು. ಟಿಕೆಟ್ಟು, ಪ್ಲಾಟ್‌ಫಾರಂ, ಹಸಿರು ಬಾವುಟ, ತೆಂಗಿನ ಮರ, ಒಂದನ್ನೂ ಬಿಡಲಿಲ್ಲ. ಆಮೇಲೆ ಸಮುದ್ರ ತೀರ, ಮೃಗಾಲಯ, ದೊಡ್ಡ ಪಟ್ಟಣದಲ್ಲಿ ಒಂದು ದಿನ. ಸಂತೆಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ನಿಂತಿತು. ಜಗಲಿಯಲ್ಲಿ ಓದುವ ಪರೀಕ್ಷೆಯೂ ನಿಂತಿತು. ಪಾಸಾಗುವವರು ಹೆಚ್ಚಾದರು, ಮೇಷ್ಟ್ರು ಈಗ ದಾರಿಗೆ ಬಂದರು ಎಂದು ಊರವರು ಹೊಗಳಿದರು. ಕೆಲವು ವರ್ಷಕ್ಕೆ ನಾನೂ ಅದೇ ತರಗತಿಯಲ್ಲಿ ಕೂತು ಅದೇ ರೈಲನ್ನು ಉರು ಹೊಡೆದೆ. ಪಾಠ ಒಪ್ಪಿಸುವಾಗ ಅಪ್ಪ ಕಣ್ಣು ಮುಚ್ಚುತ್ತಿರಲಿಲ್ಲ, ಗೋಡೆ ನೋಡುತ್ತಿದ್ದರು. ನಾನು ಪಾಸಾದೆ.

ಅಪ್ಪ ತೀರಿಕೊಂಡ ಮೇಲೆ ನಾನು ಮೊದಲ ಸಲ ಮೈಸೂರಿನಲ್ಲಿ ರೈಲು ಹತ್ತಿದೆ. ಎಲ್ಲ ಅಪ್ಪ ಬರೆಸಿದ ಹಾಗೆಯೇ ಇತ್ತು. ಹೊರಡುವಾಗ ಒಬ್ಬಳು ಹೆಂಗಸು ಕೈ ಎತ್ತಿಕೊಂಡು ಪ್ಲಾಟ್‌ಫಾರಂ ಉದ್ದಕ್ಕೂ ಓಡಿ ಬಂದಳು. ಅದೊಂದು ಮಾತ್ರ ಅಪ್ಪ ಬರೆಸಿರಲಿಲ್ಲ. ರೈಲು ಅವಳನ್ನು ಬಿಟ್ಟು ಹೊರಟಿತು.

ವಾಪಸು ಬಂದವಳು ಚಿಕ್ಕವ್ವನನ್ನು ನೋಡಲು ಸಿದ್ದಾಪುರದ ಆ ಎಸ್ಟೇಟಿಗೆ ಹೋದೆ. ಕೂಲಿಯವರ ಲೈನು ಮನೆಗಳಿಂದ ಸ್ವಲ್ಪ ಮೇಲೆ, ರೈಟರ ಮನೆಯ ಮೆಟ್ಟಿಲಲ್ಲಿ ಕೂತು ಮೊರದಲ್ಲಿ ಕರಿಮೆಣಸು ಆರಿಸುತ್ತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು. ನಾನು ರೈಲಿನ ಕಥೆಯನ್ನೆಲ್ಲ ಹೇಳಿದೆ, ಅವಳು ಮಗುವಿನ ಹಾಗೆ ಕೇಳಿದಳು.

"ಕೈ ತೋರ್ಸಿದ್ರೆ ನಿಲ್ಸಲ್ವೇನೆ?"

"ಇಲ್ಲ ಚಿಕ್ಕವ್ವ. ಓಡಿ ಬಂದ್ರೂ ನಿಲ್ಸಲ್ಲ."

ಅವಳು ಮೊರದಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. "ಹಂಗಾದ್ರೆ ಅವ್ರು ಮಾರ್ಕ್ ಕೊಡ್ದಿದ್ದು ಸರಿನೇ ಬಿಡು," ಎಂದಳು. ಮತ್ತೆ ಮೆಣಸು ಆರಿಸತೊಡಗಿ, "ಭಾವ ಇದ್ದಿದ್ರೆ ಹೇಳ್ಬೋದಿತ್ತು. ಪಾಪ, ಅವ್ರು ಅದ್ನೇ ಮನಸ್ಸಿಗ್ ಹಚ್ಕೊಂಡ್ ಹೋದ್ರು," ಎಂದಳು.

ನಾನು ಅವಳ ಪಕ್ಕದಲ್ಲಿ ಕೂತು ಮೊರಕ್ಕೆ ಕೈ ಹಾಕಿದೆ. ಈಗ ಅವಳೂ ಇಲ್ಲ. ಅವತ್ತು ಸುತ್ತಲಿನ ತೋಟವೆಲ್ಲ ಹೂ ಬಿಟ್ಟಿತ್ತು.