ನಾಲಿಗೆಯಲ್ಲಿ ಲೈನು ನೋಡುತ್ತಿದ್ದ ಹನೀಫ್ ಸಾಬರು

ಅಜ್ಜಂಪುರದ ಬಸ್ ಸ್ಟ್ಯಾಂಡ್ ಎದುರು ನನ್ನದೊಂದು ಸೈಬರ್ ಅಂಗಡಿ. ಪಹಣಿ, ಆಧಾರ್, ಪರೀಕ್ಷೆಯ ಅರ್ಜಿ, ಯಾವುದಕ್ಕೂ ನೆಟ್ ಬೇಕು; ಅದು ಬರುವುದು ಟೆಲಿಫೋನ್ ತಂತಿಯಲ್ಲೇ. ಆ ವರ್ಷ ಮಾತ್ರ ಆ ದರಿದ್ರ ನೆಟ್ಟು ನನ್ನ ಪ್ರಾಣ ಹಿಂಡಿತು. ಫೋನೆತ್ತಿದರೆ ಕರಕರ ಸದ್ದು. ಫೋನು ರಿಂಗಾದರೆ ಸಾಕು, ನೆಟ್ ಕಟ್. ಅರ್ಧ ತುಂಬಿದ ಅರ್ಜಿ ಹಾರಿಹೋಗಿ, ಸಾಲಿನಲ್ಲಿ ನಿಂತವರು ನನಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ನಾನೋ ಮೊದಲೇ ಮುಂಗೋಪಿ. ಗಿರಾಕಿಗಳಿಗೆ ಬೈಯಲಾಗದ್ದನ್ನೆಲ್ಲ ಲೈನ್‌ಮ್ಯಾನ್ ಹನೀಫ್ ಸಾಬರಿಗೆ ಬೈಯುತ್ತಿದ್ದೆ.

ಮಹಮ್ಮದ್ ಹನೀಫ್ ತರೀಕೆರೆಯವರು, ಐವತ್ತೈದರ ಬಡಕಲು ಮನುಷ್ಯ. ಇಪ್ಪತ್ತೇಳು ವರ್ಷ ಟೆಲಿಫೋನ್ ಕಂಬ ಹತ್ತಿದವರು. ಅಂತರಘಟ್ಟೆ ರಸ್ತೆಯ ಯಾವ ಗುಂಡಿಯಲ್ಲಿ ಯಾವ ಜಾಯಿಂಟು ಹೂತಿದೆಯೆಂದು ನಿದ್ದೆಗಣ್ಣಲ್ಲೂ ಹೇಳುತ್ತಿದ್ದರು. ಲೈನು ನೋಡಿಕೊಳ್ಳುವ ಕಂಟ್ರಾಕ್ಟರ್ ಬೀರಪ್ಪನ ಕೈಕೆಳಗೆ ಕೆಲಸ. ಇಟ್ಟುಕೊಳ್ಳುವವನೂ ಅವನೇ, ತೆಗೆಯುವವನೂ ಅವನೇ. ಬೇರೆ ಲೈನ್‌ಮ್ಯಾನ್‌ಗಳು ತಂತಿಗೆ ಟೆಸ್ಟ್ ಫೋನು ಸಿಕ್ಕಿಸಿ ಕಿವಿಗಿಟ್ಟು ಕೇಳಿದರೆ, ಇವರು ತಂತಿಯ ತುದಿಯನ್ನು ನಾಲಿಗೆಗೆ ಮುಟ್ಟಿಸುತ್ತಿದ್ದರು. ಚುರ್ರೆಂದರೆ ಲೈನಿಗೆ ಜೀವವಿದೆ, ಸಪ್ಪೆಯಾದರೆ ಎಲ್ಲೋ ಕೆಟ್ಟಿದೆ. ಊರವರು ಇದನ್ನು ದೊಡ್ಡ ವಿದ್ಯೆ ಎಂದು ಹೊಗಳುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ.

ಒಂದು ದಿನ ಸಾಬರು ನಮ್ಮ ರಿಸೀವರನ್ನು ಕಿವಿಗಿಟ್ಟು, "ಕ್ಲೀನಾಗೈತೆ ಮೂರ್ತಿಯೋರೇ" ಅಂದರು. ಕಸಿದು ಕೇಳಿದರೆ ಸದ್ದು ಕಿವಿ ಕಿತ್ತುಹೋಗುವಷ್ಟಿದೆ! ನನಗೆ ಅನುಮಾನ ಬಂತು. ಅವರ ಬೆನ್ನ ಹಿಂದೆ ನಿಂತು, "ಸಾಬ್ರೇ, ನಿಮ್ಮ ಗಾಡಿ ಯಾರೋ ಹೊಡ್ಕೊಂಡೋಗ್ತಾವ್ರೆ!" ಎಂದು ಕೂಗಿದೆ. ಅವರು ತಿರುಗಲೇ ಇಲ್ಲ.

ಎದುರಿಗೆ ಬಂದು ನನ್ನ ಕಿವಿಯನ್ನು ಮುಟ್ಟಿ ತೋರಿಸಿದೆ. ಅವರ ಮುಖ ಬಿಳಿಚಿಕೊಂಡಿತು.

"ಎರಡು ವರ್ಷಾಯ್ತು," ಅಂದರು. "ನಿಧಾನಕ್ಕೆ ಮಾತಾಡಿದ್ರೆ ತುಟಿ ನೋಡಿ ತಿಳ್ಕೋತೀನಿ. ಬೀರಪ್ಪಂಗೆ ಗೊತ್ತಾದ್ರೆ ಅವತ್ತೇ ಮನೆಗೆ ಕಳಿಸ್ತಾನೆ. ಮಗಳು ಸುಮೇರಾಂದು ನರ್ಸಿಂಗ್ ಇನ್ನೊಂದು ವರ್ಷ ಐತೆ. ನಿಮ್ಮ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳ್ಬೇಡಿ."

"ಛೇ ಛೇ, ನಾನ್ಯಾಕೆ ಹೇಳ್ಲಿ?" ಅಂದೆ. ಸಂಜೆಯೊಳಗೆ ಪಕ್ಕದ ಮೊಬೈಲ್ ಅಂಗಡಿಯ ತೀರ್ಥೇಶನಿಗೆ ಹೇಳಿಯಾಗಿತ್ತು. ಇಂಥದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ.

ಮುಂದಿನ ವಾರ ಸಾಬರು ಮತ್ತೆ ಬಂದು ಅಂಗಡಿಯ ಗೋಡೆಗೆ ಏಣಿ ಹಾಕಿದರು. "ನಾನು ಕೈ ಎತ್ತಿದ ಮೇಲೆ ಈ ಲೈನಿಗೆ ರಿಂಗ್ ಕೊಡಿ, ನೆಟ್ ಯಾಕೆ ಹೋಗ್ತೈತೆ ನೋಡಾನ. ಅದಕ್ಕೆ ಮುಂಚೆ ಬ್ಯಾಡ. ರಿಂಗಾಗೋವಾಗ ತಂತೀಲಿ ಕರೆಂಟ್ ಜಾಸ್ತಿ ಬತ್ತೈತೆ" ಎಂದು ಹೇಳಿ ಹತ್ತಿದರು. ತೀರ್ಥೇಶ ನನ್ನತ್ತ ಕಣ್ಣು ಹೊಡೆದ. ತಂತಿ ನಾಲಿಗೆಗೆ ತಾಗುವುದನ್ನೇ ಕಾದಿದ್ದು ನಾನು ಮೊಬೈಲಿನಿಂದ ರಿಂಗ್ ಕೊಟ್ಟೆ.

ಸಾಬರ ಹಲ್ಲು ಕಚ್ಚಿಕೊಂಡವು. ಏಣಿಯಿಂದ ಜಾರಿ ನೆಲಕ್ಕೆ ಬಿದ್ದರು. ಬಾಯಿ ತುಂಬ ರಕ್ತ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾವು ನಗುವುದನ್ನು ನೋಡಿ ಅವರೂ ನಕ್ಕರು. "ಯಾರೋ ಹೊರಗಿನೋರು ಫೋನ್ ಮಾಡ್ಬಿಟ್ರು, ನಿಮ್ದೇನಿಲ್ಲ ಬಿಡಿ" ಎಂದು ತೊದಲಿದರು.

ಬಾಯಿ ಮುಕ್ಕಳಿಸಿ ಮತ್ತೆ ಹತ್ತಿದರು ಪುಣ್ಯಾತ್ಮ! ಅಂಗಡಿಯ ಬೋರ್ಡು ಸರಿಸಿ ನೋಡಿದರೆ ಅಲ್ಲೊಂದು ಜಾಯಿಂಟು. ಹಿಂದಿನ ವರ್ಷ ಬಣ್ಣ ಹೊಡೆಸುವಾಗ ತುಂಡಾದ ತಂತಿಯನ್ನು ನಾನೇ ಹೊಸೆದು, ಮೇಲೆ ಸೆಲ್ಲೋಟೇಪು ಸುತ್ತಿದ್ದೆ. ಕಿಲುಬು ಹಿಡಿದು ಹಸಿರಾಗಿತ್ತು. "ಓಹೋ, ಮೂರ್ತೀನೇ ಮಾಡ್ಕೊಂಡಿದ್ದು!" ಎಂದು ಗಿರಾಕಿಗಳು ಈಗ ನನ್ನನ್ನು ನೋಡಿ ನಕ್ಕರು. ಸಾಬರು ಹೊಸ ಜಾಯಿಂಟು ಹಾಕಿ ಇಳಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಅವರು ನನಗೆ ಚೆನ್ನಾಗಿ ಬೈದಿದ್ದರೆ ನನ್ನ ಸಿಟ್ಟು ಇಳಿಯುತ್ತಿತ್ತೋ ಏನೋ.

ನಾಲ್ಕು ದಿನಕ್ಕೆ ಮತ್ತೆ ಬಂದರು. ತೀರ್ಥೇಶನ ಬಾಯಿಂದ ಹೊರಟ ಸುದ್ದಿ ಕಡೂರಿನಲ್ಲಿದ್ದ ಬೀರಪ್ಪನನ್ನು ಮುಟ್ಟಿತ್ತು.

"ನಿಮ್ಮನ್ನ ಕೇಳಿ ತೀರ್ಮಾನ ಮಾಡ್ತೀನಿ ಅಂದವ್ನೆ," ಅಂದರು ಸಾಬರು. "ಚೆನ್ನಾಗಿ ಕಿವಿ ಕೇಳುತ್ತೆ ಅಂತ ಒಂದು ಮಾತು ಹೇಳ್ಬಿಡಿ ಮೂರ್ತಿಯೋರೇ. ನಿಮ್ಮ ಮಾತು ನಂಬ್ತಾನೆ."

ಪಹಣಿಗೆ ಬಂದಿದ್ದ ಮಲ್ಲಿಕಾಂಬ ಎಂಬ ಹಿರಿಯ ಹೆಂಗಸು ಬೆಂಚಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ನಾನು ಬೀರಪ್ಪನಿಗೆ ಫೋನು ಹಚ್ಚಿದೆ.

"ಏನ್ರೀ ಮೂರ್ತಿ, ಸಾಬ್ರಿಗೆ ಕಿವಿ ಕೇಳುತ್ತೋ ಇಲ್ವೋ? ದಿಟ ಹೇಳಿ."

ಸಾಬರ ಕಣ್ಣು ನನ್ನ ತುಟಿಯ ಮೇಲಿತ್ತು. ನಾಚಿಕೆಯಾಗಲಿಲ್ಲವೇ ಎಂದರೆ, ಆಯಿತು. ಸಿಟ್ಟು ಅದಕ್ಕಿಂತ ಜೋರಾಗಿತ್ತು. ರಿಸೀವರನ್ನು ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲೇ ನಗುತ್ತಾ, ಅವರತ್ತ ತಲೆಯಾಡಿಸುತ್ತಾ ಹೇಳಿದೆ: "ಒಂದಕ್ಷರ ಕೇಳಲ್ಲ ಕಣ್ರೀ. ಬೆನ್ನ ಹಿಂದೆ ಪಟಾಕಿ ಹೊಡೆದ್ರೂ ತಿರುಗಲ್ಲ. ಇವತ್ತೇ ತೆಗೆದಾಕಿ."

"ಥೂ, ನೀನೊಬ್ಬ ಮನುಷ್ಯನೇನೋ!" ಎಂದು ಮಲ್ಲಿಕಾಂಬ ಎದ್ದು ಹೊರಟೇಬಿಟ್ಟರು.

ಅದು ಸಾಬರಿಗೆ ಕೇಳಿಸಲಿಲ್ಲ. ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ನಿಮ್ಮ ಹೆಸರಲ್ಲಿ ದುವಾ ಮಾಡು ಅಂತ ಸುಮೇರಾಗೆ ಹೇಳ್ತೀನಿ" ಅಂದರು.

"ಹೋಗ್ಬನ್ನಿ ಸಾಬ್ರೇ" ಎಂದೆ, ನಿಧಾನವಾಗಿ, ತುಟಿ ಚೆನ್ನಾಗಿ ಕಾಣುವ ಹಾಗೆ.